ಕೊಳಲು ನುಡಿಯದಿದ್ದಾಗ ಮೊದಲು ತಲೆಭಾಗ ನೋಡಿ

ಕೊಳಲು ಕೈಕೊಟ್ಟಾಗ ನಾವು ಮೊದಲು ದೂರುವುದು ಬೆರಳುಗಳನ್ನು, ಆಮೇಲೆ ಬಿದಿರನ್ನು. ಮುಚ್ಚಿದ ತುದಿಯಿಂದ ಊದುರಂಧ್ರದ ಎದುರಂಚಿನವರೆಗೆ ಇರುವ ಎರಡು ಮೂರು ಸೆಂಟಿಮೀಟರ್ ಜಾಗದ, ಅಂದರೆ ತಲೆಭಾಗದ, ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ನಾದ ಹುಟ್ಟುವುದೇ ಅಲ್ಲಿ. ತುಟಿಯಿಂದ ಹೊರಟ ಗಾಳಿಯ ತೆಳು ಪದರ ರಂಧ್ರವನ್ನು ದಾಟಿ ಎದುರಂಚಿಗೆ ಬಡಿದು, ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಓಲಾಡುತ್ತದೆ. ಕೊಳವೆಯೊಳಗಿನ ಗಾಳಿ ಆ ಓಲಾಟಕ್ಕೆ ಜೊತೆಯಾದರೆ ಸ್ವರ ಬರುತ್ತದೆ, ಜೊತೆಯಾಗದಿದ್ದರೆ ಬುಸುಗುಡುವ ಸದ್ದು ಮಾತ್ರ ಉಳಿಯುತ್ತದೆ.

ಇಲ್ಲಿ ಬರೆದಿರುವುದು ಮುಖ್ಯವಾಗಿ ನಮ್ಮ ಕರ್ನಾಟಕ ಸಂಗೀತದ ಬಿದಿರಿನ ಕೊಳಲಿನ ಬಗ್ಗೆ. ಉದ್ದನೆಯ ಹಿಂದೂಸ್ತಾನಿ ಬಾನ್ಸುರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ. ಲೋಹದ ಫ್ಲೂಟ್ ಇರುವವರಿಗಾಗಿ ಕೊನೆಯ ಕಡೆಗೆ ಒಂದು ಭಾಗವಿದೆ.

ಬೇಕಾದ ಸಾಮಾನು ಮನೆಯಲ್ಲೇ ಸಿಗುತ್ತದೆ: ಮೆತ್ತನೆಯ ಹತ್ತಿಬಟ್ಟೆ, ಸೆಲೋಟೇಪ್, ನೆಲ್ಲಿಕಾಯಿ ಗಾತ್ರದ ಜೇನುಮೇಣ, ತೆಂಗಿನ ಪೊರಕೆಯ ಒಂದು ಉದ್ದ ಕಡ್ಡಿ, ಪೆನ್ಸಿಲ್, ಮೊಬೈಲಿನ ಟಾರ್ಚ್ ಮತ್ತು ಶ್ರುತಿ ತೋರಿಸುವ ಯಾವುದಾದರೂ ಆ್ಯಪ್. ಮರಳುಕಾಗದವನ್ನು ಸದ್ಯಕ್ಕೆ ಹೊರಗೆ ತೆಗೆಯಬೇಡಿ. ಮೇಣ ಹಚ್ಚಿದರೆ ಕೆರೆದು ತೆಗೆಯಬಹುದು, ಟೇಪ್ ಅಂಟಿಸಿದರೆ ಕಿತ್ತು ಹಾಕಬಹುದು. ಉಜ್ಜಿ ಹೋದ ಬಿದಿರನ್ನು ಮರಳಿ ತರಲಾಗದು.

ಎಲ್ಲಕ್ಕಿಂತ ಮೊದಲು: ದೋಷ ತಲೆಯಲ್ಲಿದೆಯೇ?

ಶ್ರುತಿಪೆಟ್ಟಿಗೆ ಹಾಕಿಕೊಂಡು ಸ್ವರಗಳನ್ನು ನಿಧಾನವಾಗಿ ನುಡಿಸಿ. ಒಂದೇ ಒಂದು ಸ್ವರ ಮಾತ್ರ ತಪ್ಪುತ್ತಿದ್ದರೆ, ಉದಾಹರಣೆಗೆ ಗಾಂಧಾರ ಮಾತ್ರ ಏರಿದ್ದರೆ, ಅದು ಬೆರಳುರಂಧ್ರದ ತೊಂದರೆ. ತಲೆಭಾಗವನ್ನು ಮುಟ್ಟಬೇಡಿ. ಎಲ್ಲ ಸ್ವರಗಳೂ ಒಂದೇ ದಿಕ್ಕಿಗೆ, ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಹವೆ, ತುಟಿ ಅಥವಾ ಊದುರಂಧ್ರದ ಕಡೆ ನೋಡಬೇಕು. ಮಧ್ಯ ಸ್ಥಾಯಿ ಸರಿಯಿದ್ದು ಮೇಲೆ ಹೋದಂತೆ ತಪ್ಪು ಹೆಚ್ಚುತ್ತಿದ್ದರೆ ಮುಚ್ಚಿದ ತುದಿಯ ಮೇಲೆ ಅನುಮಾನಪಡಬೇಕು. ಶ್ರುತಿಯಲ್ಲಿ ತಪ್ಪಿಲ್ಲ, ನಾದವೇ ಸೊರಗಿದೆ ಎಂದಾದರೆ ಗಾಳಿ ಎಲ್ಲೋ ಸೋರುತ್ತಿದೆ, ಇಲ್ಲವೇ ಅಂಚು ಕೆಟ್ಟಿದೆ.

ಗಾಳಿಯ ಸದ್ದೇ ಹೆಚ್ಚು, ನಾದ ಕಡಿಮೆ

ಹತ್ತು ನಿಮಿಷ ನುಡಿಸಿದ ಮೇಲೆ ಮಾತ್ರ ಹೀಗಾಗುತ್ತದೆಯೇ? ಹಾಗಾದರೆ ಅದು ಉಸಿರಿನ ತೇವ. ಎದುರಂಚಿನ ಒಳಮೈಯಲ್ಲಿ ಕೂತ ಒಂದು ಹನಿ ಸಾಕು, ಗಾಳಿಯ ಪದರ ಚದುರಿಹೋಗುತ್ತದೆ. ಬಟ್ಟೆಯ ಮೂಲೆಯನ್ನು ತಿರುಚಿ ರಂಧ್ರದ ಗೋಡೆಗೆ ಒತ್ತಿ ಹನಿಯನ್ನು ಹೀರಿಸಿ. ಅಂಚಿನ ಮೇಲೆ ಉಜ್ಜಬೇಡಿ.

ಆರಂಭದಿಂದಲೇ ಸದ್ದು ಬರುತ್ತಿದ್ದರೆ ಬೇರೆಯವರಿಂದ ನುಡಿಸಿ ನೋಡುವುದು ಒಳ್ಳೆಯದು. ನಿಮ್ಮ ಗುರುಗಳು ಊದಿದಾಗ ಅದೇ ಕೊಳಲು ತುಂಬಿ ನುಡಿದರೆ ಕೊಳಲಿನಲ್ಲಿ ದೋಷವಿಲ್ಲ, ತುಟಿಯ ಸಂದು ಅಗಲವಾಗಿದೆ ಎಂದರ್ಥ. ಊದುವ ಮುನ್ನ ಮತ್ತು ನಂತರ ತುಟಿ ತಾಗುವ ಜಾಗವನ್ನು ಒರೆಸಿಕೊಳ್ಳಿ. ನೆಗಡಿ, ಕೆಮ್ಮು, ತುಟಿಯಲ್ಲಿ ಹುಣ್ಣು ಇದ್ದಾಗ ಕೊಳಲನ್ನು ಹಂಚಿಕೊಳ್ಳಬೇಡಿ.

ಅವರು ಊದಿದರೂ ಬುಸುಗುಟ್ಟಿದರೆ ಟಾರ್ಚ್ ಹಿಡಿದು ಎದುರಂಚನ್ನು ಓರೆಯಾಗಿ ನೋಡಿ. ಬಿದಿರಿನ ನಾರು ಕೊಳವೆಯ ಉದ್ದಕ್ಕೂ ಓಡುತ್ತದೆ, ರಂಧ್ರ ಕೊರೆದಾಗ ಅಂಚಿನಲ್ಲಿ ಕೆಲವು ಎಳೆಗಳು ಅರ್ಧ ಕತ್ತರಿಸಿಕೊಂಡು ನಿಂತಿರುತ್ತವೆ. ತೇವ ತಾಗಿದಾಗ ಅವು ಕೂದಲಿನಂತೆ ಎದ್ದು ನಿಲ್ಲುತ್ತವೆ. ಬರಿಗಣ್ಣಿಗೆ ಕಾಣದಿದ್ದರೆ ನಾಲಗೆಯ ತುದಿಯಿಂದ ಮೆಲ್ಲಗೆ ಸವರಿ, ಬೆರಳಿಗಿಂತ ನಾಲಗೆ ಇದನ್ನು ಬೇಗ ಗುರುತಿಸುತ್ತದೆ. ಒಂದೆರಡು ಎಳೆಗಳಾದರೆ ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ತೆಗೆಯಿರಿ. ಎಳೆದು ಕೀಳಬೇಡಿ, ಸಿಗುರು ಎದ್ದು ಅಂಚು ಇನ್ನಷ್ಟು ಹಾಳಾಗುತ್ತದೆ.

ಮೊದಲು ಚೆನ್ನಾಗಿತ್ತು, ಈಗ ಮಂದ್ರ ಸ್ವರಗಳು ಹುಟ್ಟುವುದೇ ಇಲ್ಲ

ಇದು ಬಹುಮಟ್ಟಿಗೆ ಸೋರಿಕೆಯ ಲಕ್ಷಣ. ಬೆರಳುರಂಧ್ರಗಳನ್ನು ಒಂದೊಂದಾಗಿ ಮುಚ್ಚಿ ಕೆಳಗಿಳಿದಂತೆ ಕೊಳವೆಯ ಗಾಳಿಯೆಲ್ಲ ಒಟ್ಟಾಗಿ ಕಂಪಿಸಬೇಕು. ಕೂದಲೆಳೆಯಷ್ಟು ಸಂದಿ ಇದ್ದರೂ ಆ ಕಂಪನ ಮುರಿದು ಸ್ವರ ಮೇಲಿನ ಸ್ಥಾಯಿಗೆ ಹಾರುತ್ತದೆ, ಇಲ್ಲವೇ ಉಸಿರಾಗಿ ಉಳಿಯುತ್ತದೆ.

ಈ ವಿಷಯದಲ್ಲಿ ನಾನು ಒಂದು ಒಳ್ಳೆಯ ಕೊಳಲನ್ನು ಕಳೆದುಕೊಂಡಿದ್ದೇನೆ. ನಾಲ್ಕೂವರೆ ಮನೆ ಶ್ರುತಿಯ ಕೊಳಲು ಅದು. ಧನುರ್ಮಾಸದ ಒಣ ಚಳಿಯಲ್ಲಿ ಒಂದು ಬೆಳಿಗ್ಗೆ ಅದರ ಮಂದ್ರ ಸೊರಗಿತು. ಊದುರಂಧ್ರ ಕಿರಿದಾಗಿರಬೇಕೆಂದು ತೀರ್ಮಾನಿಸಿ ಮರಳುಕಾಗದವನ್ನು ಕಡ್ಡಿಗೆ ಸುತ್ತಿ ಉಜ್ಜಿದೆ. ನಾದ ಸ್ವಲ್ಪ ದೊಡ್ಡದಾಯಿತು, ಸರಿಹೋಯಿತೆಂದುಕೊಂಡು ಇನ್ನಷ್ಟು ಉಜ್ಜಿದೆ. ಮರುದಿನ ತಲೆಭಾಗದ ದಾರದ ಸುತ್ತನ್ನು ಬಿಚ್ಚಿದಾಗ ಅದರ ಅಡಿಯಲ್ಲೇ ಒಂದು ಸೀಳು ಕಂಡಿತು. ಮೇಣ ತುಂಬಿದ ಕೂಡಲೇ ಮಂದ್ರ ಹಿಂತಿರುಗಿತು. ಆದರೆ ಅಷ್ಟರಲ್ಲಿ ರಂಧ್ರ ದೊಡ್ಡದಾಗಿ ಇಡೀ ಕೊಳಲು ಶ್ರುತಿಗಿಂತ ಮೇಲೇರಿತ್ತು. ಆ ಕೊಳಲು ಈಗ ಯಾವ ತಂಬೂರಿಗೂ ಕೂಡುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಎಲ್ಲ ಬೆರಳುರಂಧ್ರಗಳನ್ನು ಮುಚ್ಚಿ, ಬೆರಳು ಸಾಲದ ಎಂಟನೆಯದಕ್ಕೆ ಟೇಪ್ ಅಂಟಿಸಿ. ತೆರೆದ ತುದಿಯನ್ನು ತೊಡೆಗೆ ಒತ್ತಿ ಹಿಡಿದು, ಊದುರಂಧ್ರದ ಸುತ್ತ ತುಟಿಯಿಟ್ಟು ಮೆಲ್ಲಗೆ ಗಾಳಿಯನ್ನು ಎಳೆಯಿರಿ. ಸೋರಿಕೆ ಇಲ್ಲದಿದ್ದರೆ ತುಟಿ ಅಂಟಿಕೊಂಡು ಒಂದೆರಡು ಕ್ಷಣ ನಿಲ್ಲುತ್ತದೆ. ಗಾಳಿ ಸಲೀಸಾಗಿ ಬಂದರೆ ಎಲ್ಲೋ ದಾರಿಯಿದೆ. ಒಳಗೆ ಧೂಳು, ಬೂಷ್ಟು ಕಂಡರೆ ಮಾತ್ರ ಈ ಪರೀಕ್ಷೆ ಬೇಡ.

ದಾರಿ ಎಲ್ಲಿದೆ ಎಂದು ಹುಡುಕಲು ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ತೆರೆದ ತುದಿಗೆ ಹಿಡಿದು ಕೊಳಲನ್ನು ನಿಧಾನವಾಗಿ ತಿರುಗಿಸಿ. ಸೀಳು ಇದ್ದರೆ ಬಂಗಾರದ ಎಳೆಯಂತೆ ಬೆಳಕು ಕಾಣುತ್ತದೆ. ದಾರದ ಸುತ್ತುಗಳ ಅಡಿಯನ್ನೂ ಊದುರಂಧ್ರದ ಎರಡೂ ಕೊನೆಗಳನ್ನೂ ಬಿಡದೆ ನೋಡಿ, ಬಿದಿರು ಸೀಳುವುದು ದುರ್ಬಲವಾದ ಕಡೆಯಿಂದಲೇ. ಅನುಮಾನವಿದ್ದ ಗೆರೆಯ ಮೇಲೆ ಸೆಲೋಟೇಪ್ ಒತ್ತಿ ನುಡಿಸಿ. ಮಂದ್ರ ತಿರುಗಿ ಬಂದರೆ ಕಳ್ಳ ಸಿಕ್ಕಂತೆ.

ಕೆಲವು ಕೊಳಲುಗಳಲ್ಲಿ ಮುಚ್ಚಿದ ತುದಿ ಬಿದಿರಿನ ಗೆಣ್ಣೇ ಆಗಿರುತ್ತದೆ. ಇನ್ನು ಕೆಲವಕ್ಕೆ ಕಾರ್ಕಿನ ಬೂಚು ಹಾಕಿರುತ್ತಾರೆ. ಬೂಚಿನದ್ದಾದರೆ ತಲೆಯ ತುದಿಗೆ ಬಾಯಿಟ್ಟು ಗಾಳಿ ಎಳೆದು ನೋಡಿ, ಬಂದರೆ ಬೂಚು ಒಣಗಿ ಕುಗ್ಗಿದೆ. ಅದನ್ನು ಹೊರತೆಗೆದು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಎರಡು ಸುತ್ತು ಹಾಕಿ ಮರಳಿ ಕೂರಿಸಿದರೆ ಸಾಕು. ತೆಗೆಯುವ ಮೊದಲು ಅದರ ಸ್ಥಾನವನ್ನು ಅಳೆದಿಟ್ಟುಕೊಳ್ಳಿ, ಹೇಗೆಂದು ಮುಂದೆ ಹೇಳಿದ್ದೇನೆ. ಬಿಗಿಯಾಗಲಿ ಎಂದು ದಪ್ಪ ಬೂಚನ್ನು ತುರುಕಬೇಡಿ, ತೇವಕ್ಕೆ ಅದು ಉಬ್ಬಿದರೆ ಬಿದಿರೇ ಒಡೆಯುತ್ತದೆ.

ಸೀಳಿಗೆ ತಾತ್ಕಾಲಿಕ ಮದ್ದು ಜೇನುಮೇಣ. ಶಾಶ್ವತವಾಗಿ ಮುಚ್ಚಲು ಕ್ಷಣದಲ್ಲಿ ಅಂಟುವ ತೆಳು ಸೈನೋಅಕ್ರಿಲೇಟ್ ಅಂಟನ್ನು ಸೀಳಿಗೆ ಇಳಿಸಿ ಮೇಲೆ ನೈಲಾನ್ ದಾರ ಬಿಗಿಯುವುದು ರೂಢಿ. ಈ ಅಂಟು ಹತ್ತಿಗೆ ತಾಗಿದರೆ ಒಮ್ಮೆಲೇ ಬಿಸಿಯೇರಿ ಹೊಗೆಯಾಡುತ್ತದೆ, ಚರ್ಮ ಸುಡುತ್ತದೆ. ಹತ್ತಿದಾರದ ಮೇಲೆ ಸುರಿಯಬೇಡಿ, ಹತ್ತಿಬಟ್ಟೆಯಲ್ಲಿ ಒರೆಸಬೇಡಿ. ಕಿಟಕಿ ತೆರೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿ ಕೆಲಸ ಮಾಡಿ. ತುಟಿ ತಾಗುವ ಜಾಗಕ್ಕೆ ಅದನ್ನು ತರಲೇಬೇಡಿ, ಒಂದು ದಿನ ಒಣಗದೆ ಊದಬೇಡಿ. ಸೀಳು ಊದುರಂಧ್ರವನ್ನೇ ದಾಟಿ ಹೋಗಿದ್ದರೆ ಮನೆಯ ರಿಪೇರಿ ಅಲ್ಲಿಗೆ ಮುಗಿಯಿತು. ಅದನ್ನು ಕೊಳಲು ಮಾಡುವವರ ಕೈಗೆ ಕೊಡಿ.

ಮಧ್ಯ ಷಡ್ಜ ಸೇರುತ್ತದೆ, ತಾರ ಷಡ್ಜ ಸೇರುವುದಿಲ್ಲ

ನನಗೆ ಅತ್ಯಂತ ಇಷ್ಟವಾದ ದೋಷ ಇದು, ಏಕೆಂದರೆ ಇದರ ಮದ್ದು ಕಡಲೆಕಾಳಿನಷ್ಟು ಮೇಣ.

ಎಡಗೈಯ ಮೊದಲೆರಡು ರಂಧ್ರಗಳನ್ನು ಮುಚ್ಚಿ ಹಿಡಿಯುವ ಷಡ್ಜವನ್ನು ಮಧ್ಯ ಸ್ಥಾಯಿಯಲ್ಲೂ ಅದೇ ಬೆರಳಿನಲ್ಲಿ ತಾರ ಸ್ಥಾಯಿಯಲ್ಲೂ ನುಡಿಸಿ. ಕೊಳಲು ಬೆಚ್ಚಗಾಗಿರಲಿ, ಐದು ನಿಮಿಷ ನುಡಿಸಿದ ಮೇಲೆಯೇ ಪರೀಕ್ಷಿಸಿ. ಆ್ಯಪಿನ ಪರದೆಯನ್ನು ನೋಡುತ್ತಾ ಊದಬೇಡಿ. ಕಣ್ಣು ಮುಳ್ಳಿನ ಮೇಲಿದ್ದರೆ ತುಟಿ ತಾನಾಗಿ ಅದನ್ನು ಸರಿಪಡಿಸುತ್ತದೆ, ದೋಷ ಅಡಗಿಬಿಡುತ್ತದೆ. ಕಣ್ಣು ಮುಚ್ಚಿ ಸ್ವರವನ್ನು ನಿಲ್ಲಿಸಿ, ಆಮೇಲೆ ತೆರೆದು ನೋಡಿ. ಐದಾರು ಸಲ ಹೀಗೆ ಮಾಡಿ ಬರೆದಿಟ್ಟುಕೊಳ್ಳಿ.

ಮುಚ್ಚಿದ ತುದಿಗೂ ಊದುರಂಧ್ರಕ್ಕೂ ನಡುವೆ ಒಂದು ಪುಟ್ಟ ಗಾಳಿಕೋಣೆ ಇರುತ್ತದೆ. ಮಂದ್ರ, ಮಧ್ಯ ಸ್ವರಗಳ ಮೇಲೆ ಅದರ ಪರಿಣಾಮ ಅಲ್ಪ. ಸ್ವರ ಮೇಲೇರಿದಂತೆ ಆ ಕೋಣೆ ಕೊಳಲನ್ನು ಇರುವುದಕ್ಕಿಂತ ಉದ್ದವಾಗಿಸಿದಂತೆ ವರ್ತಿಸುತ್ತದೆ. ಹಾಗಾಗಿ ಕೋಣೆ ದೊಡ್ಡದಿದ್ದರೆ ತಾರ ಸ್ವರಗಳು ಇಳಿಯುತ್ತವೆ, ಚಿಕ್ಕದಿದ್ದರೆ ಏರುತ್ತವೆ.

ಅಳೆಯಲು ಪೊರಕೆ ಕಡ್ಡಿ ಬೇಕು. ಅದರ ದಪ್ಪ ತುದಿಯನ್ನು ಮೊಂಡಾಗಿ ಕತ್ತರಿಸಿ, ತೆರೆದ ತುದಿಯಿಂದ ಒಳಗೆ ತೂರಿಸಿ ಗೆಣ್ಣಿಗೆ ಅಥವಾ ಬೂಚಿಗೆ ತಾಗುವವರೆಗೆ ನೂಕಿ. ಊದುರಂಧ್ರದ ಮೂಲಕ ಕಡ್ಡಿ ಕಾಣುತ್ತದೆ. ರಂಧ್ರದ ನಡುಮಧ್ಯಕ್ಕೆ ನೇರವಾಗಿ ಕಡ್ಡಿಯ ಮೇಲೆ ಪೆನ್ಸಿಲ್ ಗುರುತು ಹಾಕಿ ಹೊರತೆಗೆಯಿರಿ. ತುದಿಯಿಂದ ಗುರುತಿನವರೆಗಿನ ಅಳತೆ ನಿಮಗೆ ಬೇಕಾದದ್ದು. ಅದು ಕೊಳವೆಯ ಒಳವ್ಯಾಸದಷ್ಟೇ ಇರಬೇಕು ಎಂಬುದು ಹುಡುಕಾಟ ಆರಂಭಿಸಲು ಒಳ್ಳೆಯ ಲೆಕ್ಕ. ಒಳವ್ಯಾಸ 14 ಮಿಮೀ ಇದ್ದರೆ ಸುಮಾರು 14 ಮಿಮೀ. ಕೊನೆಯ ತೀರ್ಪು ಕಿವಿಯದು.

ತಾರ ಷಡ್ಜ ಇಳಿದಿದ್ದರೆ ಕೋಣೆಯನ್ನು ಕಿರಿದು ಮಾಡಿ. ಬೂಚಿನ ಕೊಳಲಾದರೆ ತಲೆಯ ಕಡೆಯಿಂದ ಅರ್ಧ ಮಿಲಿಮೀಟರಿನಷ್ಟು ಒಳಗೆ ನೂಕಿ. ಗೆಣ್ಣಿನದ್ದಾದರೆ ಜೇನುಮೇಣವನ್ನು ಬೆರಳುಗಳ ನಡುವೆ ಹಿಸುಕಿ ಮೆತ್ತಗೆ ಮಾಡಿ, ಅಕ್ಕಿಕಾಳಿನಷ್ಟು ಉಂಡೆಯನ್ನು ಕೋಲಿನ ತುದಿಗೆ ಅಂಟಿಸಿ ಒಳಗೆ ಒಯ್ದು ಗೆಣ್ಣಿಗೆ ಒತ್ತಿ ಚಪ್ಪಟೆ ಮಾಡಿ. ನುಡಿಸಿ ನೋಡಿ. ಸಾಲದಿದ್ದರೆ ಇನ್ನೊಂದು ಕಾಳು. ಎರಡು ಷಡ್ಜಗಳ ನಡುವಿನ ಗುಂಯ್ ಎನ್ನುವ ಜಗಳ ನಿಧಾನವಾಗಿ ಕರಗುವುದನ್ನು ಕೇಳುವುದೇ ಒಂದು ಸುಖ. ಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇಂಥ ಕೊಳಲನ್ನು ಬಿಡಬೇಡಿ. ಮೇಣವನ್ನು ಒಲೆಯ ಮೇಲೆ ನೇರವಾಗಿ ಕಾಯಿಸಲೂಬೇಡಿ, ಅದಕ್ಕೆ ಬೆಂಕಿ ಹತ್ತುತ್ತದೆ.

ತಾರ ಷಡ್ಜ ಏರಿದ್ದರೆ ಮೊದಲು ಮೆಲ್ಲಗೆ ಊದಿ ನೋಡಿ. ಬಿರುಸಾಗಿ ಊದಿದರೆ ಯಾವ ಕೊಳಲಾದರೂ ಏರುತ್ತದೆ. ಮೆದುವಾಗಿ ಊದಿದರೂ ಏರಿದ್ದರೆ ಬೂಚನ್ನು ತೆರೆದ ತುದಿಯ ಕಡೆಯಿಂದ ಕೋಲಿನಲ್ಲಿ ತಲೆಯತ್ತ ತಳ್ಳಿ. ಗೆಣ್ಣಿನ ಕೊಳಲಿನಲ್ಲಿ ಇದು ಕಷ್ಟ. ಒಳಗಿನಿಂದ ಗೆಣ್ಣನ್ನು ಕೆರೆಯುವುದು ಅನುಭವಿಗಳ ಕೆಲಸ, ತೂತಾದರೆ ಇಡೀ ಕೊಳಲು ಸೋರುತ್ತದೆ. ಇಲ್ಲಿ ನಿಲ್ಲಿಸಿ. ಮೇಣ ಹಾಕಿಯೂ ಬೂಚು ಸರಿಸಿಯೂ ಒಂದು ಸ್ವರ ಕೂಡಿದರೆ ಇನ್ನೊಂದು ಬಿಡುತ್ತಿದ್ದರೆ ಬಿದಿರಿನ ಒಳಮೈಯೇ ಏರುಪೇರಾಗಿದೆ. ಅದಕ್ಕೆ ತಲೆಭಾಗದಲ್ಲಿ ಪರಿಹಾರವಿಲ್ಲ.

ಇಡೀ ಕೊಳಲೇ ಶ್ರುತಿಗಿಂತ ಮೇಲೆ ಅಥವಾ ಕೆಳಗೆ

ಹವೆಯನ್ನು ಮರೆಯಬೇಡಿ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕೊಳಲಿನ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಒಂದು ಅರ್ಧಸ್ವರಕ್ಕೆ 100 ಸೆಂಟ್. ಬೆಂಗಳೂರಿನ ಜನವರಿಯ ಬೆಳಿಗ್ಗೆ 17 ಡಿಗ್ರಿಯಲ್ಲಿ ಇಳಿದಂತೆ ಕೇಳುವ ಕೊಳಲು ಸಂಜೆ ವೇದಿಕೆಯ ದೀಪಗಳಡಿ 27 ಡಿಗ್ರಿಯಲ್ಲಿ 30 ಸೆಂಟ್ ಮೇಲೇರುತ್ತದೆ. ಅದು ದೋಷವಲ್ಲ, ಗಾಳಿಯ ಸ್ವಭಾವ. ಕಛೇರಿಗೆ ಮೊದಲು ಕೊಳಲನ್ನು ಊದಿ ಬೆಚ್ಚಗಾಗಿಸುವುದು ಇದಕ್ಕಾಗಿಯೇ.

ಆಮೇಲೆ ಕನ್ನಡಿಯ ಮುಂದೆ ನಿಲ್ಲಿ. ಕೊಳಲನ್ನು ಒಳಕ್ಕೆ ಹೊರಳಿಸಿ ರಂಧ್ರವನ್ನು ತುಟಿಯಿಂದ ಹೆಚ್ಚು ಮುಚ್ಚಿದರೆ ಶ್ರುತಿ ಇಳಿಯುತ್ತದೆ, ಹೊರಕ್ಕೆ ಹೊರಳಿಸಿದರೆ ಏರುತ್ತದೆ. ಹೊಸಬರ ಕೊಳಲು ಇಳಿದು ಕೇಳುವುದು ಬಹುತೇಕ ಇದರಿಂದಲೇ. ರಂಧ್ರದ ಮೂರನೆಯ ಒಂದು ಭಾಗದಷ್ಟು ಮುಚ್ಚಿದ್ದರೆ ಸಾಕು.

ತುಟಿಯಲ್ಲಿ ಉರಿ, ಒಳಗೆ ಪುಡಿ, ಕೆಟ್ಟ ವಾಸನೆ, ತಲೆಸುತ್ತು

ಇಲ್ಲಿ ಕೊಳಲಿಗಿಂತ ನೀವು ಮುಖ್ಯ. ಊದುವಾಗ ತಲೆ ತಿರುಗಿದರೆ ಕೆಳಗಿಟ್ಟು ಕುಳಿತುಕೊಂಡು ಸಹಜವಾಗಿ ಉಸಿರಾಡಿ. ಪದೇ ಪದೇ ಆದರೆ, ಎದೆನೋವು ಬಂದರೆ ವೈದ್ಯರನ್ನು ನೋಡಿ. ತುಟಿ ತಾಗುವ ಜಾಗಕ್ಕೆ ವಾರ್ನಿಷ್ ಹೊಡೆದಿದ್ದು ಉರಿ, ಕೆಂಪು ಗುಳ್ಳೆ ಕಂಡರೆ ಆ ಕೊಳಲನ್ನು ನಿಲ್ಲಿಸಿ.

ಬೂಷ್ಟಿನ ವಾಸನೆ ಬಂದರೆ ಒರೆಸಿ ನೆರಳಿನಲ್ಲಿ ಗಾಳಿಯಾಡಲು ಬಿಡಿ. ನುಡಿಸಿದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೇ ಇದಕ್ಕೆ ಕಾರಣ. ಒಳಮೈಗೆ ಎಣ್ಣೆ ಹಚ್ಚುವವರು ಎರಡು ಹನಿಗಿಂತ ಹೆಚ್ಚು ಹಾಕಬೇಡಿ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಅಂಚಿನಲ್ಲಿ ನಿಂತರೆ ನಾದ ಮಸುಕಾಗುತ್ತದೆ.

ಕೊಳಲು ಇಟ್ಟ ಜಾಗದಲ್ಲಿ ಹಿಟ್ಟಿನಂಥ ಪುಡಿ, ಮೈಮೇಲೆ ಸೂಜಿಮೊನೆಯ ತೂತುಗಳು ಕಂಡರೆ ಕುಟ್ಟೆ ಹುಳು ಹಿಡಿದಿದೆ. ಬಾಯಿಗೆ ಇಡಬೇಡಿ. ಉಳಿದ ಕೊಳಲುಗಳಿಂದ ಅದನ್ನು ಅಂದೇ ಬೇರೆ ಮಾಡಿ. ಕೀಟನಾಶಕ ಸಿಂಪಡಿಸಿದ ಕೊಳಲನ್ನು ಮತ್ತೆಂದೂ ಊದಬಾರದು.

ಎಲ್ಲ ನೋಡಿಯಾಯಿತು, ಊದುರಂಧ್ರವನ್ನೇ ತಿದ್ದಬೇಕು

ಸೋರಿಕೆ ಇಲ್ಲ, ಮುಚ್ಚಿದ ತುದಿ ಸರಿಯಿದೆ, ಬೇರೆಯವರು ಊದಿದರೂ ನಾದ ಮಂಕು ಎಂದು ಖಚಿತವಾದ ಮೇಲಷ್ಟೇ ಮರಳುಕಾಗದ ಹೊರಬರಲಿ. ಎದುರಂಚು ಮೊಂಡಾಗಿ ದುಂಡಗಾಗಿದ್ದರೆ ನಾದ ಮೆತ್ತಗಾಗಿ ತಾರ ಸ್ಥಾಯಿಗೆ ಹೆಚ್ಚು ಉಸಿರು ಬೇಡುತ್ತದೆ. 600ರ ನಯವಾದ ಮರಳುಕಾಗದವನ್ನು ಪೆನ್ಸಿಲಿಗೆ ಸುತ್ತಿ, ರಂಧ್ರದ ಗೋಡೆಯ ಮೇಲಿನಿಂದ ಕೆಳಕ್ಕೆ ನಾಲ್ಕೈದು ಸಲ ಎಳೆದು ನಿಲ್ಲಿಸಿ ನುಡಿಸಿ ನೋಡಿ. ಅಂಚು ಸ್ಪಷ್ಟವಾಗಿರಬೇಕು, ಬ್ಲೇಡಿನಂತೆ ತೆಳ್ಳಗಾಗಬಾರದು. ರಂಧ್ರ ದೊಡ್ಡದಾದಷ್ಟೂ ನಾದ ದೊಡ್ಡದು, ಶ್ರುತಿಯೂ ಮೇಲೆ, ಉಸಿರಿನ ಖರ್ಚೂ ಹೆಚ್ಚು. ಮುಖಕ್ಕೆ ಮುಸುಕು ಕಟ್ಟಿ, ಬಿದಿರಿನ ಪುಡಿಯನ್ನು ಊದಿ ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕಾದ ಕಬ್ಬಿಣದ ಸರಳಿನಿಂದ ರಂಧ್ರ ಸುಡುವ ಕೆಲಸ ಮನೆಯೊಳಗೆ, ಮಕ್ಕಳ ಹತ್ತಿರ ಬೇಡ. ಹಿರಿಯರಿಂದ ಬಂದ ಕೊಳಲಾದರೆ ಈ ಪ್ಯಾರಾವನ್ನು ಓದಿ ಮರೆತುಬಿಡಿ.

ಲೋಹದ ಫ್ಲೂಟ್ ಇರುವವರಿಗೆ

ಜರ್ಮನಿಯ ಫ್ಲೂಟ್ ತಯಾರಕ ಥಿಯೋಬಾಲ್ಡ್ ಬೋಮ್ 1847ರಲ್ಲಿ ರೂಪಿಸಿದ ಮಾದರಿಯಲ್ಲಿ ತಲೆಯ ಕೊಳವೆ 19 ಮಿಮೀಯಿಂದ ಬೂಚಿನ ಕಡೆ ಸುಮಾರು 17 ಮಿಮೀಗೆ ಕಿರಿದಾಗುತ್ತದೆ. ಬೂಚು ಊದುರಂಧ್ರದ ಮಧ್ಯದಿಂದ ಸುಮಾರು 17.3 ಮಿಮೀ ದೂರದಲ್ಲಿರಬೇಕು. ಒರೆಸುವ ಕೋಲಿನ ತುದಿಯಲ್ಲಿ ಕೆತ್ತಿದ ಗೆರೆ ಇದಕ್ಕೇ, ಕೋಲನ್ನು ಒಳಗಿಟ್ಟರೆ ಗೆರೆ ರಂಧ್ರದ ನಡುವೆ ಕಾಣಬೇಕು. ತುದಿಯ ಮುಚ್ಚಳ ಸಡಿಲವೆಂದು ತಿರುಗಿಸುತ್ತಲೇ ಹೋದರೆ ಬೂಚು ತಲೆಯತ್ತ ಸರಿದು ಮೇಲಿನ ಸ್ಥಾಯಿ ಇಳಿಯುತ್ತದೆ. ತುಟಿಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಅಂಟು ಹಚ್ಚದೆ ರಿಪೇರಿಯವರಿಗೆ ಕೊಡಿ.

ಹೊಸದನ್ನು ಕೊಳ್ಳುವಾಗ

ಜಾತ್ರೆಯ ಬಣ್ಣದ ಕೊಳಲನ್ನು ಸರಿಪಡಿಸಲು ಸಮಯ ಕಳೆಯಬೇಡಿ, ಹಲವನ್ನು ಶ್ರುತಿ ನೋಡಿ ಮಾಡಿರುವುದಿಲ್ಲ. ಕೊಳಲು ಮಾಡುವವರ ಬಳಿ ಹೋಗಿ, ಒಂದೇ ಶ್ರುತಿಯ ನಾಲ್ಕೈದನ್ನು ಮುಂದಿಟ್ಟುಕೊಳ್ಳಿ. ಪ್ರತಿಯೊಂದರಲ್ಲೂ ಮೊದಲು ಅತಿ ಮೆಲ್ಲಗೆ ಮಂದ್ರ, ಆಮೇಲೆ ಎರಡು ಷಡ್ಜ, ಕೊನೆಗೆ ಇಷ್ಟದ ಒಂದು ರಾಗದ ನಾಲ್ಕು ಸಾಲು. ಮೆಲುವಾದ ಉಸಿರಿಗೂ ಮಂದ್ರ ಕೊಡುವ ಕೊಳಲನ್ನು ಆರಿಸಿ ಪಕ್ಕಕ್ಕಿಡಿ. ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಗೆಣ್ಣೋ ಬೂಚೋ ಎಂದು ಕೇಳಿ, ಪೊರಕೆ ಕಡ್ಡಿಯಲ್ಲಿ ಅಳೆದು ಆ ಸಂಖ್ಯೆಯನ್ನು ಅಂದೇ ಬರೆದಿಡಿ. ಎರಡು ವರ್ಷ ಬಿಟ್ಟು ತಾರ ಷಡ್ಜ ತಪ್ಪಿದಾಗ ಬೂಚು ಸರಿದಿದೆಯೋ ಇಲ್ಲವೋ ಎಂದು ಆ ಚೀಟಿಯೇ ಹೇಳುತ್ತದೆ.